ಕಸ ಗುಡಿಸುವ ಯಂತ್ರವೂ ಸಾಕುಪ್ರಾಣಿಗಳೂ

ನಾಯಿಬೆಕ್ಕುಗಳನ್ನು ಮಕ್ಕಳಂತೆ ಸಾಕಿದ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಕೂದಲಿಗೂ ಕೊರತೆಯಿಲ್ಲ. ಬೆಳಗ್ಗೆ ಗುಡಿಸಿದ ನೆಲವು ಮಧ್ಯಾಹ್ನದೊಳಗಾಗಿ ಮತ್ತೆ ರೋಮಮಯವಾಗುವುದು. 2002ನೆಯ ಇಸವಿಯಲ್ಲಿ ಅಮೆರಿಕೆಯ ಐರೋಬಾಟ್ ಸಂಸ್ಥೆಯು ‘ರೂಂಬಾ’ ಎಂಬ, ತಾನಾಗಿಯೇ ಸಂಚರಿಸಿ ಕಸವನ್ನು ಹೀರುವ ಯಂತ್ರವನ್ನು ಸುಮಾರು 200 ಡಾಲರಿಗೆ ಮಾರಾಟಕ್ಕೆ ತಂದಿತು. ಅಂದಿನಿಂದ ಇಂತಹ ಯಂತ್ರಗಳು ಹಲವು ಬಗೆಯಾಗಿ ಬೆಳೆದಿವೆ.

ಮಿತವ್ಯಯದ ಗೃಹಸ್ಥನು ಹೀರುವ ಬಲದ ಅಂಕೆಯೊಂದನ್ನೇ ನೋಡಿ ಮರುಳಾಗಬಾರದು. ಬಿರುಗೂದಲಿನ ಉರುಳೆಗೆ ನೀಳವಾದ ರೋಮಗಳು ಸುತ್ತಿಕೊಂಡು ಬಿಗಿದುಬಿಡುವುವು. ರಬ್ಬರಿನ ಉರುಳೆಗೆ ಆ ಬಾಧೆ ಕಡಮೆ. ಕಸದ ಪೆಟ್ಟಿಗೆಯು ಕಿರಿದಾದರೆ ಬೇಗನೆ ತುಂಬುವುದು. ಆದುದರಿಂದ ಇವೆರಡನ್ನೂ ಸುಲಭವಾಗಿ ಬಿಚ್ಚಿ ಶುಚಿಮಾಡಲು ಬರುವುದೇ ಎಂಬುದನ್ನು ಮೊದಲು ನೋಡತಕ್ಕದ್ದು.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೊಂದಿದೆ. ಅಗ್ಗದ ಯಂತ್ರವು ಗೋಡೆಗೆ ತಗುಲಿದರೆ ತಿರುಗಬಲ್ಲುದು, ಮೆಟ್ಟಿಲಿನ ಅಂಚನ್ನು ಅರಿಯಬಲ್ಲುದು. ಆದರೆ ನಾಯಿಯು ನೆಲದ ಮೇಲೆ ಮಾಡಿದ ಹೊಲಸನ್ನು ಸಾಮಾನ್ಯವಾಗಿ ಗುರುತಿಸಲಾರದು. ಅದರ ಮೇಲೆ ಹರಿದು ಮನೆಯುದ್ದಕ್ಕೂ ಬಳಿದುಬಿಡುವುದು. ಕ್ಯಾಮೆರಾದಿಂದ ಅದನ್ನು ಕಂಡು ಸುತ್ತಿಹೋಗುವ ಯಂತ್ರವನ್ನು ಅದೇ ಸಂಸ್ಥೆಯು 2021ರಲ್ಲಿ ಹೊರತಂದಿತು. ಅದರ ಬೆಲೆಯೂ ಹೆಚ್ಚು. ಅಷ್ಟು ಕೊಡಲಾರದವರು ಮನೆಯಲ್ಲಿ ಒಬ್ಬರು ನೆಲವನ್ನೊಮ್ಮೆ ನೋಡಿದ ಬಳಿಕವೇ ಯಂತ್ರವನ್ನು ಓಡಿಸುವುದು ಲೇಸು. ಮುಪ್ಪಿನ ನಾಯಿಯು ತಡೆಯಲಾರದೆ ನಡುಮನೆಯನ್ನು ಕೆಡಿಸಿದರೆ ತಪ್ಪು ಅದರದಲ್ಲ; ನೋಡದೆ ಯಂತ್ರವನ್ನು ಬಿಟ್ಟವರದು.