ಫೋಟೋದಾಗ ನಾ ಎಲ್ಲಿದ್ದೀನಿ?

"ದೇಶ ಸುತ್ತು, ಕೋಶ ಓದು" ಎಂದು ಹಿರಿಯರು ಹೇಳಿದ್ದಾರೆ. ಈಗಿನವರು ಅದಕ್ಕೆ "ಫೋಟೋ ತೆಗಿ" ಎಂದೂ ಸೇರಿಸಿದ್ದಾರೆ. ಊರು ಕಣ್ಣಿಂದ ನೋಡುವ ಮೊದಲೇ ಎಲ್ಲರ ಕೈ ಮೊಬೈಲಿಗೆ ಹೋಗುತ್ತದೆ. ಈ ಸಲ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಪ್ರವಾಸ ಜೋಗಕ್ಕೆ ಹೋಗಿತ್ತು. ನಮಗೆ ಮೊಬೈಲ್ ತರಲು ಪರವಾನಗಿ ಇರಲಿಲ್ಲ. ಹೀಗಾಗಿ ಎಲ್ಲರ ಫೋಟೋ ಡ್ರಾಯಿಂಗ್ ಸರ್ ಅವರ ಮೊಬೈಲ್‌ನಲ್ಲೇ. ಅಲ್ಲಿ ಸರ್ ಹೇಳಿಕೊಟ್ಟದ್ದನ್ನು ಮತ್ತು ಮನೆಗೆ ಬಂದ ಮೇಲೆ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜೋಗದ ವಿಷಯ. ಶರಾವತಿ ನದಿ ಇಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಬೀಳುತ್ತದೆ. ಎತ್ತರ 253 ಮೀಟರ್. ನಮ್ಮ ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಂದರೆ ಐದು ಗೋಳಗುಮ್ಮಟ ಒಂದರ ಮೇಲೊಂದು ಇಟ್ಟಷ್ಟು! ನದಿಯ ಮೇಲ್ಗಡೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಲ್ಲಿ ನಿಲ್ಲಿಸಿದ ನೀರು ವಿದ್ಯುತ್ತಿಗೆ ಹೋಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ತುಂಬಿ ಬೀಳುವ ಜೋಗ ನಾವು ಹೋದಾಗ ಬಿಳಿ ದಾರದ ಎಳೆಗಳ ಹಾಗೆ ಕಾಣುತ್ತಿತ್ತು. ಆದರೂ ಕೆಳಗೆ ನೋಡಿದಾಗ ನನ್ನ ಎದೆ ಝಲ್ ಎಂದಿತು.

ಅಲ್ಲಿ ಫೋಟೋ ತೆಗೆಯುವವರಲ್ಲಿ ಎರಡು ಥರದವರನ್ನು ನೋಡಿದೆ. ಕೆಲವರು ಎಲ್ಲಾ ಬರಲಿ ಎಂದು ತಮ್ಮವರನ್ನು ದೂರದ ಕಟಾಂಜನದ ಹತ್ತಿರ ನಿಲ್ಲಿಸುತ್ತಾರೆ. ಅವರ ಫೋಟೋದಲ್ಲಿ ಮನುಷ್ಯರು ಇರುವೆಯಷ್ಟು. ಇನ್ನು ಕೆಲವರದು ಬರೀ ಮುಖ. ಹಿಂದೆ ಇರುವುದು ಜೋಗವೋ ನಮ್ಮೂರ ಕೆರೆಯೋ ತಿಳಿಯುವುದಿಲ್ಲ.

ಸರ್ ಹೇಳಿದರು: "ಜೋಗ ಭಾಳ ದೂರ ಐತಿ. ನಾವು ನಾಲ್ಕು ಹೆಜ್ಜಿ ಹಿಂದ ಮುಂದ ಆದ್ರ ಅದೇನು ಸಣ್ಣದು ದೊಡ್ಡದು ಆಗೂದಿಲ್ಲ. ಆಗೋರು ನೀವು. ಅದಕ್ಕ ನೀವೇ ನನ್ನ ಹತ್ತಿರ ಬರ್ರಿ." ನಾವು ಅವರಿಂದ ಏಳೆಂಟು ಅಡಿ ದೂರಕ್ಕೆ ಬಂದೆವು. ನಮ್ಮನ್ನು ನಟ್ಟನಡುವೆ ನಿಲ್ಲಿಸದೆ ಒಂದು ಬದಿಗೆ ನಿಲ್ಲಿಸಿದರು, ಇನ್ನೊಂದು ಬದಿಗೆ ಜಲಪಾತ ಬಂತು. ಗುಡ್ಡದ ಅಂಚು ನಮ್ಮ ಕುತ್ತಿಗೆಗೆ ಗೆರೆ ಎಳೆದಂತೆ ಬರಬಾರದೆಂದು ಮೊಬೈಲನ್ನು ಸ್ವಲ್ಪ ತಗ್ಗಿಸಿದರು. ಬಿಸಿಲು ಬೆನ್ನಿಗಿದ್ದಾಗ ಮುಖ ಕಪ್ಪಾಗಿ ಬಂತು. ಆಗ ಮೊಬೈಲಿನಲ್ಲಿ ಕಾಣುವ ಮುಖದ ಮೇಲೆ ಬೆರಳು ಒತ್ತಿದರು. ಮುಖ ಬೆಳಗಿತು, ಆದರೆ ಆಕಾಶ ಬರೀ ಬಿಳಿಯಾಯಿತು. ಎರಡೂ ಚೆನ್ನಾಗಿ ಬರಬೇಕಾದರೆ ಬಿಸಿಲು ಬದಿಯಿಂದ ಬೀಳುವಂತೆ ತಿರುಗಿ ನಿಲ್ಲಬೇಕಂತೆ. ಅಷ್ಟರಲ್ಲಿ ಒಬ್ಬ ಹುಡುಗ ಕಟಾಂಜನ ಹತ್ತಲು ಹೋದ. ಸರ್ ಗದರಿದರು: "ಇಳಿಯೋ! ಫೋಟೋ ನೋಡಾಕ ನೀ ಇರಬೇಕಲ್ಲೋ?"

ಮನೆಯಲ್ಲಿ ಅಪ್ಪನ ಮೊಬೈಲಿಗೆ ಬಂದ ಫೋಟೋಗಳನ್ನು ಆಯಿಗೆ ತೋರಿಸಿದೆ. ಆಯಿಗೆ ಮೊಣಕಾಲು ನೋವು, ಜೋಗ ನೋಡಿದವಳಲ್ಲ. ಎಲ್ಲರೂ ದೂರ ನಿಂತ ಫೋಟೋ ನೋಡಿ, "ಚಂದ ಐತಿ. ಇದರಾಗ ನೀ ಎಲ್ಲಿದ್ದೀಯವ್ವ?" ಎಂದಳು. ಹತ್ತಿರದಿಂದ ತೆಗೆದ ಫೋಟೋ ತೋರಿಸಿದಾಗ ಬಹಳ ಹೊತ್ತು ನೋಡಿದಳು. "ಅಷ್ಟು ಆಳ ಇತ್ತೇನು? ನಿನ್ನ ಮಾರಿ ನೋಡಿದ್ರ ಗೊತ್ತಾಕ್ಕೈತಿ" ಎಂದಳು. 253 ಮೀಟರ್ ಎಂದು ನಾನು ಹೇಳಿದಾಗ ತಿಳಿಯದ್ದು ಆಯಿಗೆ ನನ್ನ ಮುಖದಿಂದ ತಿಳಿಯಿತು.

ಆಮೇಲೆ ಆಯಿ ಟ್ರಂಕಿನಿಂದ ಒಂದು ಹಳೆಯ ಫೋಟೋ ತೆಗೆದಳು. ಮುತ್ಯಾ ಮತ್ತು ಆಯಿ ಸಿದ್ಧೇಶ್ವರ ಜಾತ್ರೆಯಲ್ಲಿ ತೆಗೆಸಿದ್ದು. ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಜಲಪಾತ. ನಿಜವಾದ ನೀರಲ್ಲ, ಆದರೆ ಇಬ್ಬರ ಮುಖವೂ ಸ್ಪಷ್ಟ. 2019ರಲ್ಲಿ ಮುತ್ಯಾ ತೀರಿಕೊಂಡಾಗ ಮನೆಯಲ್ಲಿ ಅವನ ಬೇರೆ ಫೋಟೋ ಇರಲಿಲ್ಲ. ಈಗ ಗೋಡೆಯ ಮೇಲೆ ಮಾಲೆ ಹಾಕಿದ್ದು ಇದೇ ಫೋಟೋದಿಂದ ದೊಡ್ಡದು ಮಾಡಿಸಿದ್ದು. ಅವತ್ತು ಆ ಫೋಟೋದವನು ಪರದೆ ಪೂರ್ತಿ ಬರಲಿ ಎಂದು ಇವರನ್ನು ದೂರ ನಿಲ್ಲಿಸಿದ್ದರೆ ನಮಗೆ ಮುತ್ಯಾನ ಮುಖವೇ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ನಾವು ಪ್ರವಾಸ ಹೋಗುವಂತೆ ನಮ್ಮ ಕಡೆಗೂ ಜನ ಬರುತ್ತಾರೆ. ಕಳೆದ ವರ್ಷ ಅವ್ವ ಹೊಲದಲ್ಲಿ ಜೋಳ ಕೀಳುವಾಗ ಕಾರಿನವರು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಒಂದು ಮಾತೂ ಕೇಳಲಿಲ್ಲ. "ಹರಕ ಸೀರ್ಯಾಗ ಇದ್ದೆ. ಕೇಳಿದ್ರ ತಲಿ ಮ್ಯಾಲ ಸೆರಗರೆ ಹೊತಗೋತಿದ್ದೆ" ಎಂದು ಅವ್ವ ರಾತ್ರಿ ತನಕ ಅಂದಳು. ಅವರಿಗೆ ಹೊಲ, ಆಕಾಶ, ನಮ್ಮವ್ವ ಎಲ್ಲಾ ಒಂದೇ ಸೀನರಿ. ಜೋಗದಲ್ಲಿ ಸೌತೆಕಾಯಿ ಮಾರುವ ಅಜ್ಜಿಯ ಫೋಟೋ ತೆಗೆಯಬೇಕೆಂದು ಸರ್‌ಗೆ ಆಸೆಯಾಗಿತ್ತು. "ತೆಗೀಲೇನ್ರಿ ಅಮ್ಮಾ?" ಎಂದು ಕೇಳಿದರು. ಅಜ್ಜಿ ನಕ್ಕು "ಬೇಡ" ಎಂದಳು. ಸರ್ ಮೊಬೈಲ್ ಕಿಸೆಗೆ ಹಾಕಿ ಸೌತೆಕಾಯಿ ಕೊಂಡರು. ಆಗ ನನಗೆ ಅವ್ವನ ನೆನಪಾಯಿತು.

ಗೆಳೆಯ ಗೆಳತಿಯರೇ, ಗುಡ್ಡ, ನದಿ, ಜಲಪಾತದ ಚಿತ್ರ ಪುಸ್ತಕದಲ್ಲೂ ಸಿಗುತ್ತದೆ, ಕ್ಯಾಲೆಂಡರಿನಲ್ಲೂ ಸಿಗುತ್ತದೆ. ಅವುಗಳ ಮುಂದೆ ನಮ್ಮವರು ನಿಂತ ಫೋಟೋ ನಾವು ತೆಗೆದರೆ ಮಾತ್ರ ಉಂಟು. ಆದ್ದರಿಂದ ಮುಂದಿನ ಪ್ರವಾಸದಲ್ಲಿ ನಮ್ಮವರನ್ನು ಹತ್ತಿರ ಕರೆಯೋಣ. ಪರರನ್ನು ಮೊದಲು ಕೇಳೋಣ.