ಒಂಬತ್ತು ಸೆಕೆಂಡಿನ ಕರೆಂಟು

ಬೆಳಕು ಇನ್ನೂ ಹರಿದಿಲ್ಲ. ಹಣೆಗೆ ಟಾರ್ಚು ಕಟ್ಟಿಕೊಂಡು ಹಯಾಬುಸಾ ಬೈಕಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೇನೆ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 13.31 ವೋಲ್ಟ್. ರಾತ್ರಿ ಹನ್ನೊಂದಕ್ಕೆ ಚಾರ್ಜರ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 13.38 ಇತ್ತು. ಇಷ್ಟು ಇಳಿದರೆ ಚಿಂತೆಯಿಲ್ಲ. ಲಿಥಿಯಂ ಬ್ಯಾಟರಿ ತುಂಬಿದ ಮೇಲೆ ತುಸು ಇಳಿದೇ ತನ್ನ ಜಾಗದಲ್ಲಿ ನಿಲ್ಲುತ್ತದೆ.

"ಎಷ್ಟಿದೆ ಅಣ್ಣಾ?" ಟೆಂಪೋ ಒಳಗಿಂದ ಗಾಡಿ ಓಡಿಸುವ ಹುಡುಗನ ದನಿ. ನಿದ್ದೆ ಮಾಡಿಲ್ಲ ಇವನು.

"ಹದಿಮೂರು ಮೂವತ್ತೊಂದು. ಮಲಗೋ ಮರಿ, ಇನ್ನೂ ಟೈಮಿದೆ."

ಇದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಹೆದ್ದಾರಿಯಲ್ಲೇ ಬಂದರೆ ಎಡಬಲ ತಿರುಗುವ ಕೆಲಸವೇ ಇಲ್ಲದಂತೆ ಸಿಗುವ ರೇಸ್ ಟ್ರ್ಯಾಕು. 1990ರಿಂದ ಇಲ್ಲಿ ಗಾಡಿಗಳು ಓಡುತ್ತಿವೆ. ಡ್ರ್ಯಾಗ್, ಅಂದರೆ ನೇರ ದಾರಿಯ ಓಟ, ಇದ್ದ ದಿನ ಪಿಟ್‌ನಲ್ಲಿ ಕಿವಿಗೆ ಬೀಳುವ ಮಾತು ಅರ್ಧಕ್ಕರ್ಧ ಕನ್ನಡ. ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದ ಹೇಮಂತ್ ಮುದ್ದಪ್ಪ ನಮ್ಮ ಬೆಂಗಳೂರಿನವರೇ. ಅವರನ್ನು ನೋಡಿ ಈ ಆಟಕ್ಕೆ ಬಿದ್ದ ಹುಡುಗರು ಒಬ್ಬಿಬ್ಬರಲ್ಲ. ನಮ್ಮವನೂ ಅವರಲ್ಲಿ ಒಬ್ಬ.

ನನ್ನ ಕೆಲಸ ಗಾಡಿಯ ಕರೆಂಟು. ವೈರು, ಸೆನ್ಸರು, ಬ್ಯಾಟರಿ. ಟರ್ಬೋ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಬಹಳ, ಸೀಟಿನ ಕೆಳಗಿನ ಆ ಕಪ್ಪು ಡಬ್ಬಿಯನ್ನು ಯಾರೂ ಕೇಳುವುದಿಲ್ಲ. ಕಳೆದ ವರ್ಷದ ತನಕ ನಾನೂ ಅದನ್ನು ಸರಿಯಾಗಿ ಕೇಳಿರಲಿಲ್ಲ.

ಮನೆಯ ಗಾಡಿಯಲ್ಲಿ ಬ್ಯಾಟರಿಯ ಕೆಲಸ ಸೆಲ್ಫ್ ಹೊಡೆಯುವುದು. ಎಂಜಿನ್ ಎದ್ದ ಮೇಲೆ ಆಲ್ಟರ್ನೇಟರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಬ್ಯಾಟರಿಗೂ ತಿರುಗಿ ಉಣಿಸುತ್ತದೆ. ಈ ಗಾಡಿಯಲ್ಲಿ ಆಲ್ಟರ್ನೇಟರೇ ಇಲ್ಲ, ಬಿಚ್ಚಿಟ್ಟಿದ್ದೇವೆ. ಕ್ರ್ಯಾಂಕಿನ ತುದಿಯಲ್ಲಿ ಆ ಭಾರದ ರೋಟರ್ ಸುತ್ತುತ್ತಿದ್ದರೆ ಎಂಜಿನ್ ಆರ್‌ಪಿಎಂ ಏರುವುದು ಅಷ್ಟು ನಿಧಾನ. ಅದು ಹೋಯಿತು, ಜೊತೆಗೆ ಉಣಿಸುವ ಕೈಯೂ ಹೋಯಿತು. 'ಟೋಟಲ್ ಲಾಸ್' ಎನ್ನುತ್ತಾರೆ ಇದಕ್ಕೆ: ಬ್ಯಾಟರಿಯಿಂದ ಹೋದದ್ದು ಹೋದ ಹಾಗೆಯೇ. ಪೆಟ್ರೋಲ್ ಪಂಪು, ನಾಲ್ಕು ಕಾಯಿಲ್, ಇಂಜೆಕ್ಟರ್‌ಗಳು, ಇಸಿಯು, ಗೇರು ಬೀಳಿಸುವ ಗಾಳಿಯ ಸೊಲೆನಾಯ್ಡ್, ಫ್ಯಾನು, ಎಲ್ಲವೂ ಇದೊಂದನ್ನೇ ಹೀರುತ್ತವೆ. ಕ್ಲಾಂಪ್ ಮೀಟರ್ ಹಾಕಿ ನೋಡಿದರೆ 22 ಆಂಪಿಯರ್.

ಆರೂವರೆಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆವರು ಆಗಲೇ ಶುರು. ಸೀಟು ತೆಗೆದು ಟರ್ಮಿನಲ್ ಬೋಲ್ಟುಗಳಿಗೆ ಸ್ಪ್ಯಾನರ್ ಹಿಡಿಯುತ್ತೇನೆ. ನಿನ್ನೆ ರಾತ್ರಿಯೇ ಬಿಗಿ ಮಾಡಿದ್ದೆ, ಆದರೂ ಇನ್ನೊಂದು ಸಲ. ಲೈನಿನಿಂದ ಗಾಡಿ ನೆಗೆಯುವಾಗಿನ ಅದುರಿಗೆ ಯಾವ ಬೋಲ್ಟೂ ಸಡಿಲವಾಗಬಹುದು. ಬ್ಯಾಟರಿಯ ಕೆಳಗೆ ರಬ್ಬರು, ಮೇಲೆ ಅಲ್ಯೂಮಿನಿಯಂ ಪಟ್ಟಿ. ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು. ಆಮೇಲೆ ಅರ್ತ್. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿದು ಸೆಲ್ಫ್ ಹೊಡೆಸುತ್ತೇನೆ. 0.14. ಇದು 0.3 ಮುಟ್ಟಿದರೆ ಕೇಬಲ್ ಬಿಚ್ಚಿ ಉಜ್ಜಬೇಕು. ಬ್ಯಾಟರಿ ಸತ್ತಿದೆ ಎಂದು ಬಿಸಾಕಿದ ಎಷ್ಟೋ ಗಾಡಿಗಳಲ್ಲಿ ಸತ್ತಿದ್ದು ಬ್ಯಾಟರಿಯಲ್ಲ, ಬಣ್ಣದ ಮೇಲೆ ಕೂತಿದ್ದ ಅರ್ತ್ ವೈರು.

ಕಳೆದ ವರ್ಷದ್ದು ಹೇಳಲೇಬೇಕು. ಇದೇ ಜಾಗ, ಇದೇ ಗಾಡಿ, ದಿನದ ಮೂರನೇ ಓಟ. ಹೊಸ ಲಿಥಿಯಂ ಬ್ಯಾಟರಿ ಹಾಕಿದ್ದೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 12 ಆಂಪಿಯರ್ ಅವರ್ ಎಂದಿತ್ತು. ಕಂಪನಿ ಕೊಡುವ ಸೀಸದ ಬ್ಯಾಟರಿ 10, ಇದು 12, ಮತ್ತೇನು ಬೇಕು ಅಂದುಕೊಂಡೆ. ಆ ಹನ್ನೆರಡರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಸೀಸಕ್ಕೆ ಸಮಾನ' ಎಂಬ ಅರ್ಥದ ಇಂಗ್ಲಿಷ್ ಪದವಿತ್ತು. ಸೆಲ್ಫ್ ಹೊಡೆಯುವ ಶಕ್ತಿಯಲ್ಲಿ 12ರ ಸೀಸದ ಬ್ಯಾಟರಿಗೆ ಸಮ ಎಂದು ಅದರರ್ಥ. ಒಳಗೆ ನಿಜವಾಗಿ ತುಂಬಿಟ್ಟಿದ್ದು 4.

ಲೆಕ್ಕ ಹಾಕಿ. 22 ಆಂಪಿಯರ್, ಎಂಜಿನ್ ಬಿಸಿ ಮಾಡಲು, ಸಾಲಿನಲ್ಲಿ ನಿಲ್ಲಲು, ಟಯರ್ ಸುತ್ತಿಸಿ ಬಿಸಿಯೇರಿಸುವ ಬರ್ನ್‌ಔಟಿಗೆ, ಒಂಬತ್ತು ಸೆಕೆಂಡಿನ ಓಟಕ್ಕೆ, ವಾಪಸಾಗಲು ಎಲ್ಲ ಸೇರಿ ನಾಲ್ಕೂವರೆ ನಿಮಿಷ. ಒಂದು ಓಟಕ್ಕೆ ಹೆಚ್ಚುಕಡಿಮೆ 1.65 ಆಂಪಿಯರ್ ಅವರ್. ಎರಡು ಓಟಕ್ಕೆ 3.3. ನಡುವೆ ಕಾಲು ಗಂಟೆ ಚಿಕ್ಕ ಚಾರ್ಜರ್ ಹಾಕಿ ಅರ್ಧ ಆಂಪಿಯರ್ ಅವರ್ ತುಂಬಿದ್ದೆ. ಮೂರನೇ ಓಟಕ್ಕೆ ಉಳಿದದ್ದು 1.2. ಸೀಸದ ಬ್ಯಾಟರಿಯಾಗಿದ್ದರೆ ಮೆಲ್ಲಗೆ ಇಳಿಯುತ್ತ, ಸೆಲ್ಫಿನ ದನಿ ಎಳೆಯುತ್ತ, ಸುಸ್ತಾಗಿದೆ ಎಂದು ಮೊದಲೇ ಹೇಳುತ್ತಿತ್ತು. ಲಿಥಿಯಂ ಹಾಗಲ್ಲ. ಕೊನೆಯ ತೊಟ್ಟಿನ ತನಕ ಹದಿಮೂರರ ಆಸುಪಾಸಿನಲ್ಲೇ ಮುಖ ಗಟ್ಟಿ ಮಾಡಿಕೊಂಡು ನಿಂತಿದ್ದು, ಆಮೇಲೆ ಬಾವಿಗೆ ಬಿದ್ದ ಕೊಡದ ಹಾಗೆ ಒಮ್ಮೆಲೇ ಹೋಗುತ್ತದೆ.

ನಾಲ್ಕನೇ ಗೇರಿನಲ್ಲಿ ಹೋಯಿತು. ಎಂಜಿನ್ ನಿಂತಿದ್ದರೆ ಪುಣ್ಯ, ನಿಲ್ಲಲಿಲ್ಲ. ವೋಲ್ಟೇಜ್ ಬಿದ್ದಾಗ ಪೆಟ್ರೋಲ್ ಪಂಪು ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ. ಇಂಜೆಕ್ಟರ್ ಬಾಯಿ ತೆರೆಯಲು ತಡ ಮಾಡುತ್ತದೆ. ಟರ್ಬೋ ಮಾತ್ರ ಗಾಳಿ ತುಂಬುತ್ತಲೇ ಇರುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಮಿಶ್ರಣ ಲೀನ್. ಒಳಗಿನ ಬೆಂಕಿ ಮಿತಿ ಮೀರುತ್ತದೆ. ತುದಿಯಲ್ಲಿ ನೀಲಿ ಹೊಗೆ ಕಂಡಿತು. ಹುಡುಗ ಕ್ಲಚ್ ಹಿಡಿದು ಗಾಡಿಯನ್ನು ನೆಟ್ಟಗೆ ತಂದು ನಿಲ್ಲಿಸಿದ. ರಾತ್ರಿ ಹೆಡ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ಅಂಚು ಬೆಲ್ಲದ ಅಚ್ಚಿನ ಹಾಗೆ ಕರಗಿ ಹರಿದಿತ್ತು. ಸುಟ್ಟ ಅಲ್ಯೂಮಿನಿಯಮ್ಮಿನ ಆ ವಾಸನೆ ಮೂಗಿನಿಂದ ಇನ್ನೂ ಹೋಗಿಲ್ಲ. ಲೇಬಲ್ ಓದಿದ್ದು ನಾನು. ಅವನು ಒಂದು ಮಾತೂ ಅನ್ನಲಿಲ್ಲ.

ಆಮೇಲೆ ಬೆಂಗಳೂರಿನ ಜೆ.ಸಿ. ರೋಡಿಗೆ ಬ್ಯಾಟರಿಗೆಂದು ಹೋದದ್ದು ಬೇರೆಯೇ ಕಣ್ಣಿನಿಂದ. ಅಂಗಡಿಯ ಯಜಮಾನರು ಎರಡು ಬ್ಯಾಟರಿ ಮೇಜಿನ ಮೇಲಿಟ್ಟರು. ಒಂದು ಎಜಿಎಂ: ಸೀಸದ್ದೇ, ಆದರೆ ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುತ್ತದೆ, ಮಗುಚಿದರೂ ಸೋರುವುದಿಲ್ಲ. ಮೂರೂವರೆ ಕಿಲೋ ಹತ್ತಿರ. ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್, ಅದರ ಅರ್ಧ ತೂಕವೂ ಇಲ್ಲ.

"ಲೋಡ್ ಕೊಟ್ಟು ತೋರಿಸಿ ಸಾರ್," ಅಂದೆ.

ಅವರು ನಕ್ಕರು, ಆದರೂ ಲೋಡ್ ಟೆಸ್ಟರ್ ತಂದರು. ಸೀಸದ್ದಕ್ಕೆ ಬರೆದಿರುವ ಸಿಸಿಎಯ, ಅಂದರೆ ಚಳಿಯಲ್ಲಿ ಸೆಲ್ಫ್ ಹೊಡೆಯಲು ಕೊಡಬಲ್ಲ ಆಂಪಿಯರಿನ, ಅರ್ಧದಷ್ಟು ಕರೆಂಟು, ಹದಿನೈದು ಸೆಕೆಂಡು, 9.6ಕ್ಕಿಂತ ಕೆಳಗೆ ಬೀಳಬಾರದು. ಟೆಸ್ಟರಿನಿಂದ ಬಿಸಿ ಗಾಳಿ ಬಂತು, ಮುಳ್ಳು ಹತ್ತೂವರೆಯಲ್ಲಿ ನಿಂತಿತು. ಒಳ್ಳೆಯ ಮಾಲು. ಆದರೆ ನನಗೆ ಬೇಕಾದದ್ದು ಆ ಹದಿನೈದು ಸೆಕೆಂಡು ಮಾತ್ರ ಅಲ್ಲ, 22 ಆಂಪಿಯರಿನಲ್ಲಿ ಐದು ನಿಮಿಷ ತಲೆ ಬಾಗದೆ ನಿಲ್ಲುವುದು. ಅದರಲ್ಲಿ ಲಿಥಿಯಂ ಗೆಲ್ಲುತ್ತದೆ. ಸೀಸದ್ದು ಹನ್ನೆರಡರ ಆಸುಪಾಸಿಗೆ ಇಳಿಯುವಲ್ಲಿ ಇದು ಹನ್ನೆರಡೂ ಮುಕ್ಕಾಲಲ್ಲಿ ಇರುತ್ತದೆ. ಒಳಗಿನ ನಾಲ್ಕು ಸೆಲ್ಲುಗಳ ನಿಜವಾದ ಆಂಪಿಯರ್ ಅವರ್ ಎಷ್ಟು ಎಂದು ಬರೆಸಿಕೊಂಡೇ ದುಡ್ಡು ಕೊಟ್ಟೆ: 8.

ತೂಕದ ಬಗ್ಗೆ ಒಂದು ಮಾತು. ಎರಡು ಕಿಲೋ ಉಳಿಯಿತು ಎಂದು ಕುಣಿಯುವವರಿದ್ದಾರೆ. ಡ್ರ್ಯಾಗ್ ಗಾಡಿಯಲ್ಲಿ ತೂಕ ಎಷ್ಟು ಎನ್ನುವುದರಷ್ಟೇ ಎಲ್ಲಿ ಎನ್ನುವುದೂ ಮುಖ್ಯ. ಮುಂದಿನ ಚಕ್ರ ಎದ್ದರೆ ಆಕ್ಸಿಲರೇಟರ್ ಬಿಡಬೇಕು, ಬಿಟ್ಟರೆ ಓಟ ಹೋಯಿತು. ಕೆಳಗೆ, ಮುಂದೆ ಕೂತ ಭಾರ ನಮ್ಮ ಸ್ನೇಹಿತನೇ. ಆಲ್ಟರ್ನೇಟರ್ ಇರುವ, ದುಡ್ಡು ಕಡಿಮೆಯಿರುವ ಹುಡುಗರಿಗೆ ನಾನು ಹೇಳುವುದು ಇದೇ: ಒಳ್ಳೆಯ ಎಜಿಎಂ ತಗೊಳ್ಳಿ, ಆದಷ್ಟು ಮುಂದೆ ಕೂರಿಸಿ, ಉಳಿದ ದುಡ್ಡಿನಲ್ಲಿ ಟಯರ್ ಹಾಕಿಸಿ.

ನಾನು ಕೊಂಡ ಲಿಥಿಯಮ್ಮಿನ ಒಳಗಿರುವ ಈ ಐರನ್ ಫಾಸ್ಫೇಟನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧದ ಮೇಲೆ ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ಮೂರು ಹೆಸರುಗಳಿವೆ. ಟೆಕ್ಸಸ್‌ನ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸ. ಗುಡ್‌ಇನಫ್‌ಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರನ್ನು ಮೊದಲ ಸಲ ಓದಿದಾಗ ಯಾರೋ ಪರಿಚಯದವರು ಕರೆದಂತಾಗಿ ಎದೆ ತುಂಬಿತು. ಅದೇ ಜಾತಿಯ ಸೆಲ್ಲುಗಳನ್ನು ಜೋಡಿಸಿದ 'ಕಿಲ್ಲಾಸೈಕಲ್' ಎಂಬ ಅಮೆರಿಕದ ಬೈಕು 2007ರಲ್ಲಿ ಒಂದು ತೊಟ್ಟು ಪೆಟ್ರೋಲಿಲ್ಲದೆ ಕಾಲು ಮೈಲಿಯನ್ನು ಎಂಟು ಸೆಕೆಂಡಿನೊಳಗೆ ಮುಗಿಸಿತು.

ಹತ್ತೂವರೆ. ನಮ್ಮ ಸರದಿ ಹತ್ತಿರವಾಗಿದೆ. ಟ್ರಾಲಿಯ ಮೇಲಿನ ಹೊರ ಬ್ಯಾಟರಿಯ ಪ್ಲಗ್ಗನ್ನು ಗಾಡಿಗೆ ಚುಚ್ಚುತ್ತೇನೆ. ಸೆಲ್ಫಿನ ಕರೆಂಟು ಇದರಿಂದಲೂ ಹೋಗಲಿ, ಒಳಗಿನದು ಓಟಕ್ಕೆ ಉಳಿಯಲಿ. ಎಂಜಿನ್ ಏಳುತ್ತದೆ. ಪ್ಲಗ್ ಎಳೆದು, ಹುಡುಗನ ಮಣಿಕಟ್ಟಿಗೆ ಕಿಲ್ ಸ್ವಿಚ್ಚಿನ ದಾರ ಕಟ್ಟುತ್ತೇನೆ. ಅವನು ಬಿದ್ದರೆ ಇದು ಕಿತ್ತು ಎಂಜಿನ್ ನಿಲ್ಲಬೇಕು. ಬರ್ನ್‌ಔಟಿನ ಬಿಳಿ ಹೊಗೆ ನಮ್ಮನ್ನೆಲ್ಲ ನುಂಗುತ್ತದೆ. ರಬ್ಬರಿನ ಬಿಸಿ ವಾಸನೆ. ಅವನು ಅಂಗುಲ ಅಂಗುಲ ತೆವಳಿ ಮುಂದೆ ಹೋಗುತ್ತಾನೆ. ಮೊದಲ ದೀಪ, ಎರಡನೆಯ ದೀಪ. ಆರ್‌ಪಿಎಂ ಏರಿ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಹಳದಿ. ಹಸಿರು.

ಶಬ್ದ ಕಿವಿಗೆ ಬರುವುದಿಲ್ಲ, ಎದೆಗೆ ಬರುತ್ತದೆ. ಗೇರು ಬೀಳುವ ಟಪ್, ಟಪ್. ಎಲ್ಲರ ಕಣ್ಣು ಗಾಡಿಯ ಮೇಲೆ. ನಾನು ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳುತ್ತೇನೆ. ನಾಲ್ಕನೇ ಗೇರು. ಒಡಕಿಲ್ಲ. ಐದು. ದೂರದಲ್ಲಿ ದನಿ ತೆಳುವಾಗಿ ಆರುತ್ತದೆ.

ಪಿಟ್‌ಗೆ ಬಂದ ಕೂಡಲೇ ಸೀಟು ತೆಗೆದು ಬ್ಯಾಟರಿಯ ಮೈಗೆ ಉಷ್ಣಮಾಪಕ ಹಿಡಿಯುತ್ತೇನೆ. 47 ಡಿಗ್ರಿ. ಟರ್ಬೋ ಕಡೆಗೆ ತಗಡಿನ ಅಡ್ಡ ಇಟ್ಟಿದ್ದರೂ ಇಷ್ಟು. ಬಿಸಿಯಲ್ಲಿ ಎಲ್ಲ ಬ್ಯಾಟರಿಗೂ ವಯಸ್ಸು ಬೇಗ ಏರುತ್ತದೆ; ಬಿಸಿಯಲ್ಲೇ ಚಾರ್ಜ್ ಹಾಕಿದರೆ ಇನ್ನೂ ಬೇಗ. ಬಿಚ್ಚಿ ನೆರಳಲ್ಲಿಟ್ಟು ಟೇಬಲ್ ಫ್ಯಾನು ತಿರುಗಿಸುತ್ತೇನೆ. ಹತ್ತು ನಿಮಿಷದ ನಂತರ ಚಾರ್ಜರ್. ಇದು ಲಿಥಿಯಮ್ಮಿಗೆಂದೇ ಇರುವುದು, 14.4ರಲ್ಲಿ ನಿಲ್ಲುತ್ತದೆ. ಹಳೆಯ ಸೀಸದ ಚಾರ್ಜರುಗಳಲ್ಲಿ ಸಲ್ಫೇಟು ಒಡೆಯಲು ವೋಲ್ಟೇಜ್ ಮೇಲೆ ಬಡಿಯುವ ಮೋಡ್ ಇರುತ್ತದೆ; ಅದನ್ನು ಇದಕ್ಕೆ ಹಾಕುವುದು ಕೂಸಿಗೆ ಮೆಣಸಿನ ಸಾರು ಕುಡಿಸಿದ ಹಾಗೆ. ಪಕ್ಕದ ಚಿಕ್ಕ ಸಾಕೆಟ್ಟಿನಲ್ಲಿ ಒಂದೊಂದೇ ಸೆಲ್ಲನ್ನು ಅಳೆಯುತ್ತೇನೆ: 3.33, 3.33, 3.32, 3.33. ನಾಲ್ವರು ಅಣ್ಣತಮ್ಮಂದಿರು ಸಮವಾಗಿರಬೇಕು. ಒಬ್ಬ ಹಿಂದೆ ಬಿದ್ದರೆ ಉಳಿದ ಮೂವರೂ ಅವನಿಂದಲೇ ಕೆಡುತ್ತಾರೆ.

ಪಕ್ಕದ ಟೆಂಟಿನ ಹುಡುಗ ಬಂದು ನಿಲ್ಲುತ್ತಾನೆ. "ಅಣ್ಣಾ, ನಂದು ಎಜಿಎಂ. ಮನೇಲಿ ಎರಡು ತಿಂಗಳು ಇಟ್ಟಿದ್ದೆ, ಈಗ ಸೆಲ್ಫೇ ತಗೊಳ್ತಿಲ್ಲ."

ಅಳೆದರೆ 11.9. ಖಾಲಿ ಬಿಟ್ಟಷ್ಟೂ ದಿನ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಕಲ್ಲಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. "ಇವತ್ತಿಗೆ ನನ್ನ ಟ್ರಾಲಿಯಿಂದ ಎಬ್ಬಿಸಿಕೋ. ಊರಿಗೆ ಹೋದ ಮೇಲೆ ಹೊಸದು ತಗೋ. ತಿಂಗಳಿಗೊಮ್ಮೆ ನೋಡು, 12.5ಕ್ಕಿಂತ ಕೆಳಗಿದ್ರೆ ಚಾರ್ಜ್ ಹಾಕು. ಮೈನಸ್ ವೈರು ಬಿಚ್ಚಿಡು, ಅಲಾರಂ ಕುಡಿದು ಬಿಡುತ್ತೆ." ಲಿಥಿಯಮ್ಮಿಗೆ ಇದು ತಲೆಕೆಳಗು: ಪೂರ್ತಿ ತುಂಬಿ ಇಡಬಾರದು, ಅರ್ಧದ ಮೇಲೆ ತುಸು, 13.2 ಹತ್ತಿರ ಇಟ್ಟು ತಂಪು ಕೋಣೆಯಲ್ಲಿ ಮಲಗಿಸಬೇಕು.

ಮೂರನೇ ಓಟ ನಾಲ್ಕು ಗಂಟೆಗೆ. ಹೊಗೆ, ದೀಪಗಳು, ಟಪ್, ಟಪ್. ಈ ಸಲ ಕಣ್ಣು ಬಿಟ್ಟೇ ನೋಡುತ್ತೇನೆ. ಅವನು ಹಿಂದಿರುಗಿ, ಹೆಲ್ಮೆಟ್ ತೆಗೆಯುವ ಮೊದಲೇ ಗಾಜು ಮೇಲೆತ್ತುತ್ತಾನೆ. ಟೈಮಿಂಗ್ ಚೀಟಿ ಬೇರೊಬ್ಬನ ಕೈಯಲ್ಲಿದೆ, ಅದರ ಕಡೆ ತಿರುಗುವುದಿಲ್ಲ.

"ಅಣ್ಣಾ, ನಾಲ್ಕನೇ ಗೇರಲ್ಲಿ ಎಷ್ಟಿತ್ತು?"

ಲ್ಯಾಪ್‌ಟಾಪ್ ತಿರುಗಿಸಿ ಅವನ ಮುಂದೆ ಹಿಡಿಯುತ್ತೇನೆ. ವೋಲ್ಟೇಜಿನ ನೀಲಿ ಗೆರೆ ಎಡದಿಂದ ಬಲಕ್ಕೆ ನೆಟ್ಟಗಿದೆ. 12.7.