ನದಿಯ ನಡುವಿನ ‘ಸಮುದ್ರ’

ಸಹೋದರಿಯರೇ, ಕೊಳ್ಳೇಗಾಲದ ಕಡೆ ಹೋದರೆ ಶಿವನಸಮುದ್ರವನ್ನು ನೋಡದೆ ಬರಬೇಡಿ. ಹೆಸರಿನಲ್ಲಿ ಸಮುದ್ರವಿದೆ, ಕಡಲು ಮಾತ್ರ ಬಹಳ ದೂರ. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಿಟ್ಟು, ಒಂದೆಡೆ ಗಗನಚುಕ್ಕಿಯಾಗಿ ಇನ್ನೊಂದೆಡೆ ಭರಚುಕ್ಕಿಯಾಗಿ ಧುಮುಕುತ್ತದೆ. ಹನೂರು, ಯಳಂದೂರು ಕಡೆಯ ಮುಸ್ಲಿಮ್ ಮನೆಗಳಲ್ಲಿ ಈ ಊರನ್ನು ನೆನೆಯುವುದು ಗಗನಚುಕ್ಕಿಯ ಬಳಿಯ ಮರ್ದಾನೆ ಗೈಬ್ ದರ್ಗಾದಿಂದ. ಬುತ್ತಿ ಕಟ್ಟಿಕೊಂಡು, ಮಕ್ಕಳು ಮರಿಗಳೊಂದಿಗೆ ಹೊರಟವರು ಕೊಳ್ಳೇಗಾಲ ದಾಟಿ, ಸತ್ತೇಗಾಲದ ಹ್ಯಾಂಡ್‌ಪೋಸ್ಟ್‌ನಲ್ಲಿ ತಿರುಗುತ್ತಾರೆ.

ಜಲಪಾತಕ್ಕೆ ಅವಸರ ಬೇಡ. ಹೊಸ ಸೇತುವೆಯ ಮೇಲೆ ಸ್ವಲ್ಪ ನಿಧಾನಿಸಿ, ಪಕ್ಕಕ್ಕೆ ನೋಡಿ. ಕಲ್ಲುಕಂಬಗಳ ಮೇಲೆ ನಿಂತಿರುವುದು ಹಳೆಯ ವೆಲ್ಲೆಸ್ಲಿ ಸೇತುವೆ. ಊರವರ ಬಾಯಲ್ಲಿ ಅದು ವೆಸ್ಲಿ ಸೇತುವೆ. 19ನೇ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ್ದು. ಆಗ ಕೊಳ್ಳೇಗಾಲ ಮದರಾಸಿನ ಆಡಳಿತದಲ್ಲಿತ್ತು. 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟು ಮಳೆಗಾಲಗಳನ್ನು ತಡೆದ ಆ ಸೇತುವೆಯ ಒಂದು ಭಾಗವನ್ನು 2018ರ ಆಗಸ್ಟ್ ಪ್ರವಾಹ ಕೊಚ್ಚಿಕೊಂಡು ಹೋಯಿತು. ಪುಣ್ಯಕ್ಕೆ ಅಷ್ಟರಲ್ಲಿ ಹೊಸದು ಇತ್ತು. ಇಲ್ಲದಿದ್ದರೆ?

ನಿಮ್ಮ ಅಡುಗೆಮನೆಯನ್ನೇ ನೆನೆದುಕೊಳ್ಳಿ. ಅಕ್ಕಿ, ಎಣ್ಣೆ, ಗ್ಯಾಸ್ ಸಿಲಿಂಡರ್, ಮಗುವಿನ ಜ್ವರದ ಔಷಧಿ ಎಲ್ಲವೂ ನೀರು ದಾಟಿಯೇ ಬರಬೇಕು. ನೋವು ಕಾಣಿಸಿಕೊಂಡ ಗರ್ಭಿಣಿಯೂ ನೀರು ದಾಟಿಯೇ ಆಸ್ಪತ್ರೆಗೆ ಹೋಗಬೇಕು. ಹೊಳೆ ಶಾಂತವಾಗಿದ್ದಾಗ ತೆಪ್ಪವಾದರೂ ಉಂಟು. ಕಬಿನಿ, ಕೃಷ್ಣರಾಜಸಾಗರಗಳಿಂದ ನೀರು ಬಿಟ್ಟ ದಿನ ತೆಪ್ಪ ಹಾಕುವ ಧೈರ್ಯ ಯಾರಿಗಿದೆ?

ನಮಗೆ ಇದು ಮಳೆಗಾಲದ ಕೆಲವು ದಿನಗಳ ಮಾತು. ಮಾಲ್ದೀವ್ಸ್‌ನ ಗೃಹಿಣಿಗೆ ವರ್ಷವಿಡೀ ಇದೇ ಬದುಕು. ಸಾವಿರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಆ ದೇಶದಲ್ಲಿ ಅಕ್ಕಿ ಬೆಳೆಯುವ ಗದ್ದೆಯಿಲ್ಲ. ಮೀನೊಂದನ್ನು ಬಿಟ್ಟರೆ ಒಲೆಯ ಮೇಲಿನ ಹೆಚ್ಚಿನದೆಲ್ಲ ಹಡಗಿನಲ್ಲಿ ಬಂದದ್ದು. ರಾಜಧಾನಿ ಮಾಲೆಯಲ್ಲಿ ಕುಡಿಯುವುದೂ ಉಪ್ಪು ತೆಗೆದ ಸಮುದ್ರದ ನೀರು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದು ನಲ್ಲಿಗಳು ಒಣಗಿದಾಗ ಭಾರತ ವಿಮಾನಗಳಲ್ಲೂ ನೌಕಾಪಡೆಯ ಹಡಗುಗಳಲ್ಲೂ ನೀರು ಕಳುಹಿಸಿತು. ಸುತ್ತಲೂ ನೀರು, ಕುಡಿಯಲು ಮಾತ್ರ ಹಡಗಿನ ದಾರಿ ಕಾಯಬೇಕು!

ನಮ್ಮ ಶಿವನಸಮುದ್ರಕ್ಕೂ ಹಡಗಿನ ಋಣವಿದೆ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತಲ್ಲ, ಅದರ ಟರ್ಬೈನ್‌ಗಳು ಸ್ವಿಟ್ಜರ್ಲೆಂಡಿನವು, ಜನರೇಟರುಗಳು ಅಮೆರಿಕದವು. ಕಡಲು ದಾಟಿ ಬಂದ ಆ ಭಾರವನ್ನು ಮದ್ದೂರಿನ ರೈಲು ನಿಲ್ದಾಣದಿಂದ ಎತ್ತು, ಆನೆಗಳು ಎಳೆದು ತಂದವು.

ಸಂಜೆ ಮರಳುವಾಗ ನಮ್ಮ ಜೀಪು ಸೇತುವೆ ಹತ್ತಿತು. ಅಮ್ಮಿ ಬಿಸ್ಮಿಲ್ಲಾ ಎಂದು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಚೆ ದಡದ ಮಣ್ಣಿಗೆ ಚಕ್ರ ತಾಗುವವರೆಗೂ ಆ ಕೈ ಸಡಿಲವಾಗಲಿಲ್ಲ.